ಕಸ್ಟಮ್ ಕಾರುಗಳ ಕಿರು ಪ್ರತಿಕೃತಿ: ಇತಿಹಾಸ, ಆಧಾರ ಮತ್ತು ನಿರ್ಮಾಣ ವಿಧಾನ

ಕಾರ್ಖಾನೆಯಿಂದ ಹೊರಬಂದ ಕಾರಿನ ಚಾವಣಿಯನ್ನು ಕತ್ತರಿಸಿ ತಗ್ಗಿಸಿ, ಹಿಡಿಕೆ ಲಾಂಛನಗಳನ್ನು ಕಿತ್ತು ನುಣುಪುಗೊಳಿಸಿ, ಬೇರೆ ಬೇರೆ ಕಂಪನಿಗಳ ಬಿಡಿಭಾಗಗಳನ್ನು ಬೆಸೆದು ಹೊಸ ರೂಪ ನೀಡುವ ಕಲೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1930ರ ದಶಕದಿಂದ ಬೆಳೆದುಬಂದಿತು. ಹೀಗೆ ರೂಪಾಂತರಗೊಂಡ ವಾಹನವನ್ನು ಕಸ್ಟಮ್ ಕಾರು ಎನ್ನುತ್ತಾರೆ. ಅಂತಹ ಹೆಸರಾಂತ ಕಾರುಗಳನ್ನು ಮೇಜಿನ ಮೇಲೆ ನಿಲ್ಲಿಸಬಹುದಾದ ಗಾತ್ರದಲ್ಲಿ ಯಥಾವತ್ತಾಗಿ ಮರುನಿರ್ಮಿಸುವುದು ಒಂದು ಪ್ರತ್ಯೇಕ ಹವ್ಯಾಸವಾಗಿ ಬೆಳೆದಿದೆ.

ಇದು ಕೇವಲ ಆಟಿಕೆ ತಯಾರಿಕೆಯಲ್ಲ. ಮೂಲ ಕಾರುಗಳಲ್ಲಿ ಹಲವು ಇಂದು ಉಳಿದಿಲ್ಲ. ಉಳಿದವುಗಳಲ್ಲಿ ಅನೇಕವು ಮಾಲೀಕರು ಬದಲಾದಂತೆಲ್ಲ ಬಣ್ಣ ಬದಲಾಯಿಸಿವೆ, ಎಂಜಿನ್ ಬದಲಾಯಿಸಿವೆ, ಕೆಲವೊಮ್ಮೆ ಗುರುತು ಸಿಗದಷ್ಟು ಮಾರ್ಪಟ್ಟಿವೆ. ಆದ್ದರಿಂದ ಪ್ರತಿಕೃತಿ ನಿರ್ಮಿಸುವವನು ಕುಶಲಕರ್ಮಿಯಾಗಿರುವಷ್ಟೇ ಇತಿಹಾಸಕಾರನೂ ಆಗಿರಬೇಕಾಗುತ್ತದೆ. ತಾನು ನಿರ್ಮಿಸುತ್ತಿರುವುದು ಯಾವ ಕಾರು ಎಂಬ ಪ್ರಶ್ನೆಯಷ್ಟೇ, ಯಾವ ದಿನದ ಕಾರು ಎಂಬ ಪ್ರಶ್ನೆಯೂ ಅವನಿಗೆ ಮುಖ್ಯ.

ಮೂಲ ಕಲೆಯ ಹಿನ್ನೆಲೆ

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನಗರದ ಹ್ಯಾರಿ ವೆಸ್ಟರ್‌ಗಾರ್ಡ್ ಈ ಕಲೆಯ ಆದ್ಯರಲ್ಲಿ ಒಬ್ಬ. ಅವನ ಕೆಲಸವನ್ನು ಹತ್ತಿರದಿಂದ ಕಂಡು ಕಲಿತ ಜಾರ್ಜ್ ಬ್ಯಾರಿಸ್, ಎರಡನೆಯ ಮಹಾಯುದ್ಧದ ನಂತರ ಅಣ್ಣ ಸ್ಯಾಮ್ ಬ್ಯಾರಿಸ್ ಜೊತೆಗೂಡಿ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಕಾರ್ಯಾಗಾರ ನಡೆಸಿದ. ಲೋಹದ ಕೆಲಸದಲ್ಲಿ ಸ್ಯಾಮ್ ನಿಪುಣ. ವಿನ್ಯಾಸ, ಬಣ್ಣ ಮತ್ತು ಪ್ರಚಾರದಲ್ಲಿ ಜಾರ್ಜ್ ಮುಂದು. 1949ರಿಂದ 1951ರವರೆಗಿನ ಮರ್ಕ್ಯುರಿ ಕಾರುಗಳ ದುಂಡನೆಯ ಒಡಲು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಸ್ಯಾಮ್ ತನ್ನ ಸ್ವಂತ 1949ರ ಮರ್ಕ್ಯುರಿಯ ಚಾವಣಿಯನ್ನು ತಗ್ಗಿಸಿದ್ದು ಈ ಮಾದರಿಯ ಮೊದಲ ಪ್ರಯೋಗಗಳಲ್ಲಿ ಸೇರಿದೆ.

ಅಂದಿನ ಕಾರ್ಯಾಗಾರಗಳಲ್ಲಿ ಬೆಸುಗೆಯ ಜಾಗಗಳನ್ನು ಕರಗಿಸಿದ ಸೀಸದಿಂದ ತುಂಬಿ ಅರದಿಂದ ಉಜ್ಜಿ ಸಮಗೊಳಿಸುತ್ತಿದ್ದರು. ಈ ಕಾರಣದಿಂದಲೇ ಭಾರವಾದ, ನೆಲಕ್ಕೆ ತಗ್ಗಿದ ಇಂತಹ ಕಾರುಗಳಿಗೆ 'ಲೆಡ್ ಸ್ಲೆಡ್', ಅಂದರೆ ಸೀಸದ ಜಾರುಬಂಡಿ ಎಂಬ ಅಡ್ಡಹೆಸರು ಬಂದಿತು. ನಮ್ಮ ಗ್ಯಾರೇಜುಗಳ ಟಿಂಕರಿಂಗ್ ಕೆಲಸವನ್ನು ಬಲ್ಲವರಿಗೆ ಇದರ ಮೂಲತತ್ವ ಅಪರಿಚಿತವಲ್ಲ. ವ್ಯತ್ಯಾಸವಿಷ್ಟೇ: ಟಿಂಕರಿಂಗ್ ಕಾರನ್ನು ಮೊದಲಿನ ರೂಪಕ್ಕೆ ತರಲು ಯತ್ನಿಸುತ್ತದೆ, ಕಸ್ಟಮ್ ಕಲೆ ಅದನ್ನು ಹಿಂದೆಂದೂ ಇಲ್ಲದಿದ್ದ ರೂಪಕ್ಕೆ ಒಯ್ಯುತ್ತದೆ.

ಬಣ್ಣದಲ್ಲೂ ಹೊಸ ಹಾದಿಗಳು ತೆರೆದವು. ಜೋ ಬೇಲನ್ ಹೆಸರು ಕ್ಯಾಂಡಿ ಆಪಲ್ ಕೆಂಪಿನೊಂದಿಗೆ ಬೆಸೆದುಕೊಂಡಿದೆ. ಒಂದು ಬಣ್ಣ ಇನ್ನೊಂದರೊಳಗೆ ಕರಗುವಂತೆ ಹೊಡೆಯುವ ವಿಧಾನಕ್ಕೆ ಜೀನ್ ವಿನ್‌ಫೀಲ್ಡ್ ಪ್ರಸಿದ್ಧ. ಈತ 2025ರಲ್ಲಿ 97ನೆಯ ವಯಸ್ಸಿನಲ್ಲಿ ನಿಧನ ಹೊಂದಿದ. ಲ್ಯಾರಿ ವಾಟ್ಸನ್ ಒಡಲಿನ ಭಾಗಗಳನ್ನು ವಿಂಗಡಿಸಿ ಬಣ್ಣಿಸುವುದರಲ್ಲಿ ಹೆಸರು ಮಾಡಿದ. ಸಪೂರ ಕುಂಚದ ಗೆರೆಗಳಿಗೆ ವಾನ್ ಡಚ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಕೆನ್ನೆತ್ ಹೊವಾರ್ಡ್ ಮಾದರಿಯಾದ. ಫೈಬರ್ ಗ್ಲಾಸಿನಿಂದ ಹೊಸ ಒಡಲನ್ನೇ ಎರಕಹೊಯ್ದ ಎಡ್ 'ಬಿಗ್ ಡ್ಯಾಡಿ' ರಾತ್ ಈ ಕಲೆಯನ್ನು ಶಿಲ್ಪಕಲೆಯ ಅಂಚಿಗೆ ಕೊಂಡೊಯ್ದ. 1963ರಲ್ಲಿ ಅಮೆರಿಕದ ಬರಹಗಾರ ಟಾಮ್ ವುಲ್ಫ್ ಈ ಲೋಕದ ಕುರಿತು ಬರೆದ ದೀರ್ಘ ಲೇಖನದ ನಂತರ ಸಾಹಿತ್ಯವಲಯವೂ ಇದನ್ನು ಗಮನಿಸತೊಡಗಿತು.

ಕಿಟ್‌ಗಳು ಬಂದ ಬಗೆ

ಪ್ರತಿಕೃತಿಗಳ ಇತಿಹಾಸ ಕಾರು ಮಾರಾಟ ಮಳಿಗೆಗಳಿಂದ ಆರಂಭವಾಗುತ್ತದೆ. ಹೊಸ ಕಾರಿನ ರೂಪ ಮತ್ತು ಬಣ್ಣವನ್ನು ಗಿರಾಕಿಗಳಿಗೆ ತೋರಿಸಲು ಕಂಪನಿಗಳು ಚಿಕ್ಕ ಮಾದರಿಗಳನ್ನು ಹಂಚುತ್ತಿದ್ದವು. 1948ರಲ್ಲಿ ಮಿಷಿಗನ್ ರಾಜ್ಯದಲ್ಲಿ ಆರಂಭವಾದ ಅಲ್ಯೂಮಿನಿಯಂ ಮಾಡೆಲ್ ಟಾಯ್ಸ್ ಸಂಸ್ಥೆ ಇಂತಹ ಮಾದರಿಗಳನ್ನು ಮೊದಲು ಅಲ್ಯೂಮಿನಿಯಂನಲ್ಲಿ, ನಂತರ ಪ್ಲಾಸ್ಟಿಕ್‌ನಲ್ಲಿ ತಯಾರಿಸಿತು. ಇದೇ ಮುಂದೆ ಎಎಂಟಿ ಎಂದು ಮನೆಮಾತಾಯಿತು. ಆರಂಭದ ದಿನಗಳ ಸೆಲ್ಯುಲೋಸ್ ಅಸಿಟೇಟ್ ಮಾದರಿಗಳು ಕಾಲಾನಂತರ ಸೊಟ್ಟಗಾಗುತ್ತಿದ್ದವು. ಪಾಲಿಸ್ಟೈರೀನ್ ಬಂದ ಮೇಲೆ ಈ ತೊಂದರೆ ತಪ್ಪಿತು. ಸುಲಭವಾಗಿ ಕತ್ತರಿಸಬಲ್ಲ, ದ್ರಾವಕದ ಅಂಟಿನಿಂದ ಕರಗಿ ಒಂದಾಗುವ ಈ ಪ್ಲಾಸ್ಟಿಕ್ಕೇ ಇಂದಿಗೂ ಈ ಹವ್ಯಾಸದ ಮೂಲದ್ರವ್ಯ.

1958ರಲ್ಲಿ ಎಎಂಟಿ ಮಾರುಕಟ್ಟೆಗೆ ತಂದ 'ತ್ರೀ ಇನ್ ಒನ್' ಕಿಟ್‌ಗಳು ಮಹತ್ವದ ತಿರುವು. ಒಂದೇ ಪೆಟ್ಟಿಗೆಯಲ್ಲಿದ್ದ ಭಾಗಗಳಿಂದ ಕಾರನ್ನು ಕಾರ್ಖಾನೆಯ ರೂಪದಲ್ಲಿ, ಕಸ್ಟಮ್ ರೂಪದಲ್ಲಿ ಅಥವಾ ಪಂದ್ಯದ ರೂಪದಲ್ಲಿ ಜೋಡಿಸಬಹುದಿತ್ತು. ಹದಿಹರೆಯದ ಹುಡುಗನೊಬ್ಬ ತನಗೆ ಕೊಳ್ಳಲಾಗದ ಕಾರನ್ನು ತನ್ನ ಇಚ್ಛೆಯಂತೆ ರೂಪಿಸುವುದು ಇದರಿಂದ ಸಾಧ್ಯವಾಯಿತು. 1960ರ ದಶಕದ ಆರಂಭದಲ್ಲಿ ಬಂದ ಎಎಂಟಿಯ 1949ರ ಮರ್ಕ್ಯುರಿ ಕಿಟ್ ಹಲವು ಬಾರಿ ಮರುಮುದ್ರಣ ಕಂಡು ಇಂದಿಗೂ ಈ ಹವ್ಯಾಸದ ಪ್ರವೇಶದ್ವಾರವಾಗಿದೆ.

ಕಸ್ಟಮ್ ಶಿಲ್ಪಿಗಳೂ ಕಿಟ್ ಕಂಪನಿಗಳೊಡನೆ ಕೈಜೋಡಿಸಿದರು. 1958 ಮತ್ತು 1959ರಲ್ಲಿ 'ಅಮೆರಿಕದ ಅತಿ ಸುಂದರ ರೋಡ್‌ಸ್ಟರ್' ಪ್ರಶಸ್ತಿಯನ್ನು ಸತತವಾಗಿ ಗೆದ್ದ ಬ್ಯಾರಿಸ್ ಕಾರ್ಯಾಗಾರದ 'ಅಲಾ ಕಾರ್ಟ್' ಎಎಂಟಿ ಕಿಟ್ ಆಯಿತು. ರಾತ್‌ನ ಔಟ್‌ಲಾ, ಬೀಟ್ನಿಕ್ ಬ್ಯಾಂಡಿಟ್, ಮಿಸ್ಟೀರಿಯನ್, ರೋಡ್ ಏಜೆಂಟ್ ಕಾರುಗಳನ್ನು ರೆವೆಲ್ ಸಂಸ್ಥೆ ಕಿಟ್‌ಗಳಾಗಿ ಹೊರತಂದಿತು. ಜೀನ್ ವಿನ್‌ಫೀಲ್ಡ್ 1960ರ ದಶಕದ ಉತ್ತರಾರ್ಧದಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಎಎಂಟಿಯ ಕಸ್ಟಮ್ ಕಾರು ವಿಭಾಗವನ್ನೇ ನಡೆಸಿದ.

ಇದಕ್ಕೂ ಮೊದಲೇ ಜನರಲ್ ಮೋಟಾರ್ಸ್ ಸಂಸ್ಥೆ 'ಫಿಷರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್' ಎಂಬ ಸ್ಪರ್ಧೆಯನ್ನು 1930ರಲ್ಲಿ ಆರಂಭಿಸಿ 1968ರವರೆಗೆ ನಡೆಸಿತು. ಮೊದಲು ರಾಜರ ಸಾರೋಟಿನ ಮಾದರಿ, ನಂತರ ಸ್ವಂತ ವಿನ್ಯಾಸದ ಕಾರಿನ ಮಾದರಿ ಮಾಡಿದ ಹುಡುಗರಿಗೆ ವಿದ್ಯಾರ್ಥಿವೇತನ ದೊರೆಯುತ್ತಿತ್ತು. ಇಲ್ಲಿ ಬಹುಮಾನ ಪಡೆದ ಚಕ್ ಜೋರ್ಡನ್ ಮುಂದೆ ಅದೇ ಸಂಸ್ಥೆಯ ವಿನ್ಯಾಸ ವಿಭಾಗದ ಮುಖ್ಯಸ್ಥನಾದ. ಮೇಜಿನ ಮೇಲಿನ ಮಾದರಿ ಬದುಕಿನ ದಾರಿಯೂ ಆಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಯಾವ ದಿನದ ಕಾರು?

ಪ್ರತಿಕೃತಿಕಾರನ ಮೊದಲ ಸಮಸ್ಯೆ ಏನೆಂಬುದನ್ನು 'ಹಿರೊಹಾಟ ಮರ್ಕ್' ಎಂದು ಪ್ರಸಿದ್ಧವಾದ ಕಾರಿನ ಉದಾಹರಣೆ ಸ್ಪಷ್ಟಪಡಿಸುತ್ತದೆ. ಬಾಬ್ ಹಿರೊಹಾಟ ಎಂಬಾತನ 1951ರ ಮರ್ಕ್ಯುರಿಯನ್ನು ಬ್ಯಾರಿಸ್ ಸಹೋದರರು 1952ರಲ್ಲಿ ಮಾರ್ಪಡಿಸಿ ಲಾಸ್ ಏಂಜಲೀಸ್‌ನ ಮೋಟೊರಾಮಾ ಪ್ರದರ್ಶನದಲ್ಲಿ ಇಟ್ಟರು. ಚಾವಣಿಯನ್ನು ಮುಂದೆ 4 ಅಂಗುಲ, ಹಿಂದೆ 7 ಅಂಗುಲ ತಗ್ಗಿಸಲಾಗಿತ್ತು. ಎರಡು ಬಾಗಿಲುಗಾಜುಗಳ ನಡುವಿನ ಕಂಬ ಮಾಯವಾಗಿತ್ತು. ಪಕ್ಕೆಯಲ್ಲಿ 1952ರ ಬ್ಯೂಕ್ ಕಾರಿನ ಕ್ರೋಮ್ ಪಟ್ಟಿ ಇಳಿಜಾರಾಗಿ ಹರಿದಿತ್ತು. ಆ ಪಟ್ಟಿಯ ಮೇಲೆ ಸಮುದ್ರದ ನೊರೆಯಂತಹ ತಿಳಿ ಹಸಿರು, ಕೆಳಗೆ ಗಾಢ ಹಸಿರು.

ಆದರೆ ಅದು ಹಾಗೆಯೇ ಉಳಿಯಲಿಲ್ಲ. 1953ರಲ್ಲಿ ಮೂಲ ಎಂಜಿನ್ ಹೋಗಿ ಕ್ಯಾಡಿಲಾಕ್ ಎಂಜಿನ್ ಬಂತು. 1955ರ 'ರನ್ನಿಂಗ್ ವೈಲ್ಡ್' ಚಲನಚಿತ್ರದಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಹಸಿರು ಹೋಗಿ ಹೊಂಬಣ್ಣದ ಛಾಯೆ ಬಂದಿತ್ತು. ಮುಂದೆ ಹದಿಹರೆಯದ ತರುಣನೊಬ್ಬ ಇದನ್ನು 500 ಡಾಲರಿಗೆ ಕೊಂಡು, ದಶಕಗಳ ಕಾಲ ಉಳಿಸಿಕೊಂಡು, 1989ರ ನಂತರ ಮೊದಲಿನ ರೂಪಕ್ಕೆ ತಂದ. 2015ರಲ್ಲಿ ಪೆಬಲ್ ಬೀಚ್ ಪ್ರದರ್ಶನದಲ್ಲಿ ತನ್ನ ವಿಭಾಗದ ಮೊದಲ ಬಹುಮಾನ ಪಡೆದ ಈ ಕಾರು 2022ರ ಜನವರಿಯಲ್ಲಿ ಸುಮಾರು 20 ಲಕ್ಷ ಡಾಲರಿಗೆ ಹರಾಜಾಯಿತು.

ಹೀಗಿರುವಾಗ ಹಿರೊಹಾಟ ಮರ್ಕ್‌ನ ಪ್ರತಿಕೃತಿ ಎಂದರೆ ಯಾವುದು? 1952ರ ಪ್ರದರ್ಶನದ್ದೆ, 1953ರ ಎಂಜಿನ್ನಿನದ್ದೆ, ಚಲನಚಿತ್ರದ್ದೆ ಅಥವಾ ಜೀರ್ಣೋದ್ಧಾರದ ನಂತರದ್ದೆ? ತಿಳಿ ಹಸಿರು ಒಡಲಿನ 1952ರ ಪ್ರತಿಕೃತಿಯ ಬಾನೆಟ್ಟಿನಡಿ ಕ್ಯಾಡಿಲಾಕ್ ಎಂಜಿನ್ ಕೂರಿಸಿದರೆ ಎರಡು ಕಾಲಗಳು ಬೆರೆತಂತಾಗುತ್ತದೆ. ನೋಡಲು ಅದು ಅಂದವಾಗಿರಬಹುದು, ಆದರೆ ದಾಖಲೆಯಾಗಿ ಅದು ತಪ್ಪು. ಆದ್ದರಿಂದ ಅನುಭವಿಗಳು ಕತ್ತರಿ ಹಿಡಿಯುವ ಮೊದಲೇ ಒಂದು ವರ್ಷವನ್ನು, ಸಾಧ್ಯವಾದರೆ ಒಂದು ಪ್ರದರ್ಶನವನ್ನು ಗೊತ್ತುಮಾಡಿಕೊಳ್ಳುತ್ತಾರೆ. ಆ ದಿನಾಂಕದ ನಂತರದ ಯಾವ ಚಿತ್ರವೂ ಅವರಿಗೆ ಪ್ರಮಾಣವಲ್ಲ.

ಕಳೆದುಹೋದ ಕಾರುಗಳ ವಿಷಯದಲ್ಲಿ ಈ ಹೊಣೆ ಇನ್ನೂ ಹೆಚ್ಚು. 1957ರ ಡಿಸೆಂಬರ್‌ನಲ್ಲಿ ಬ್ಯಾರಿಸ್ ಕಾರ್ಯಾಗಾರಕ್ಕೆ ಬೆಂಕಿ ಬಿದ್ದು ಹಲವು ಕಾರುಗಳು ನಾಶವಾದವು. ಎರಡು ಫೋರ್ಡ್ ಎಂಜಿನ್‌ಗಳನ್ನು ಅಕ್ಕಪಕ್ಕದಲ್ಲಿ ಹೊತ್ತಿದ್ದ ರಾತ್‌ನ ಮಿಸ್ಟೀರಿಯನ್ ಮುಂದೆ ಇಲ್ಲವಾಯಿತು. 2000ರ ದಶಕದಲ್ಲಿ ಡೇವ್ ಶೂಟನ್ ಅದನ್ನು ಪೂರ್ಣ ಗಾತ್ರದಲ್ಲಿ ಹೊಸದಾಗಿ ಕಟ್ಟಬೇಕಾಯಿತು. ರಾತ್‌ನದೇ ಆರ್ಬಿಟ್ರಾನ್ ಕಾಣೆಯಾಗಿ, 2007ರಲ್ಲಿ ಮೆಕ್ಸಿಕೊದ ಸಿಯುದಾದ್ ಹ್ವಾರೆಸ್ ನಗರದಲ್ಲಿ ಹಾಳುಬಿದ್ದ ಸ್ಥಿತಿಯಲ್ಲಿ ಪತ್ತೆಯಾಯಿತು. ಮಿಸ್ಟೀರಿಯನ್ ಇಲ್ಲದಿದ್ದ ದಶಕಗಳಲ್ಲಿ ಅದರ ಮೂರು ಆಯಾಮದ ರೂಪವನ್ನು ಜನ ಕಂಡದ್ದು ರೆವೆಲ್ ಕಿಟ್‌ನಲ್ಲಿ ಮಾತ್ರ. ಮೂಲವೇ ಇಲ್ಲವಾದಾಗ ಪ್ರತಿಕೃತಿಯೇ ಸಾಕ್ಷಿಯಾಗುತ್ತದೆ. ಸಾಕ್ಷಿ ತಪ್ಪು ನುಡಿದರೆ ಅದನ್ನು ತಿದ್ದುವವರು ಇರುವುದಿಲ್ಲ.

ಆಧಾರ ಸಂಗ್ರಹ

ಚಿತ್ರಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುವುದು ಮೊದಲ ಹೆಜ್ಜೆ. ಅಂದಿನ ನಿಯತಕಾಲಿಕೆಗಳಲ್ಲಿ ಪ್ರಕಟವಾದ ಚಿತ್ರಗಳು ಬಹುಪಾಲು ಕಪ್ಪುಬಿಳುಪಿನವು. ಅವುಗಳಿಂದ ಆಕಾರ ತಿಳಿಯುತ್ತದೆ, ಬಣ್ಣ ತಿಳಿಯುವುದಿಲ್ಲ. ಬಣ್ಣಕ್ಕೆ ಅಂದಿನ ಲೇಖನದ ವಿವರಣೆ, ಮುಖಪುಟದ ವರ್ಣಚಿತ್ರ ಅಥವಾ ಕಾರಿನಲ್ಲೇ ಉಳಿದ ಹಳೆಯ ಪದರ ಆಧಾರವಾಗಬೇಕು. ಮುದ್ರಣದ ಶಾಯಿಯೂ ಬಣ್ಣವನ್ನು ಬದಲಾಯಿಸುತ್ತದೆಯಾದ್ದರಿಂದ ಒಂದೇ ಚಿತ್ರವನ್ನು ನಂಬುವುದು ಸಲ್ಲದು.

ಅಳತೆ ಸಿಗದಿದ್ದಲ್ಲಿ ಚಿತ್ರದಿಂದಲೇ ಲೆಕ್ಕ ಹಾಕಬಹುದು. ಆ ಕಾಲದ ಮರ್ಕ್ಯುರಿಯ ಚಕ್ರದ ರಿಮ್ 15 ಅಂಗುಲ. ನೇರ ಪಕ್ಕದಿಂದ ತೆಗೆದ ಚಿತ್ರದಲ್ಲಿ ರಿಮ್ 20 ಮಿ.ಮೀ. ಇದ್ದು, ಕಿಟಕಿಯ ಎತ್ತರ 14 ಮಿ.ಮೀ. ಇದ್ದರೆ ನಿಜವಾದ ಕಿಟಕಿ 10.5 ಅಂಗುಲ ಎತ್ತರವಿರುತ್ತದೆ. ಚಿತ್ರ ಓರೆಯಾಗಿದ್ದರೆ ಈ ಲೆಕ್ಕ ಕೆಡುತ್ತದೆ. ಕಿಟಕಿಯು ರಿಮ್ಮಿಗಿಂತ ಒಳಗೆ ವಾಲಿರುವುದರಿಂದ ನೇರ ಚಿತ್ರದಲ್ಲೂ ತುಸು ವ್ಯತ್ಯಾಸ ಉಳಿಯುತ್ತದೆ. ಎರಡು ಮೂರು ಚಿತ್ರಗಳ ಲೆಕ್ಕ ತಾಳೆಯಾದ ಮೇಲೆಯೇ ಮುಂದುವರಿಯುವುದು ಲೇಸು.

ಕಿಟ್ಟನ್ನೂ ಕಣ್ಣುಮುಚ್ಚಿ ನಂಬಬಾರದು. 1949ರ ಮರ್ಕ್ಯುರಿಗೂ 1951ರದಕ್ಕೂ ಮೇಲ್ನೋಟಕ್ಕೆ ಸಾಮ್ಯವಿದ್ದರೂ 1951ರಲ್ಲಿ ಹಿಂಬದಿಯ ಮಡ್‌ಗಾರ್ಡ್‌ಗಳು ಉದ್ದವಾದವು, ಹಿಂದಿನ ಗಾಜು ದೊಡ್ಡದಾಯಿತು. 1949ರ ಕಿಟ್‌ನಿಂದ ಹಿರೊಹಾಟ ಕಾರನ್ನು ಮಾಡಹೊರಟವರು ಚಾವಣಿಗಿಂತ ಮೊದಲು ಈ ಹಿಂಭಾಗವನ್ನು ತಿದ್ದಬೇಕಾಗುತ್ತದೆ.

ಪ್ರಮಾಣದ ಲೆಕ್ಕ

ಅಮೆರಿಕದ ಕಾರು ಕಿಟ್‌ಗಳಲ್ಲಿ 1:25 ಪ್ರಮಾಣ ಹೆಚ್ಚು ಬಳಕೆಯಲ್ಲಿದೆ. ಮೊನೊಗ್ರಾಮ್ ಸಂಸ್ಥೆಯ ಅನೇಕ ಕಿಟ್‌ಗಳು ಮತ್ತು ಜಪಾನಿನ ಕಿಟ್‌ಗಳು 1:24 ಪ್ರಮಾಣದವು. ಈ ಎರಡೂ ಹತ್ತಿರವೆನಿಸಿದರೂ ಬೆರೆಸುವಂತಿಲ್ಲ. ಸುಮಾರು 207 ಅಂಗುಲ ಉದ್ದದ ಮರ್ಕ್ಯುರಿ 1:25ರಲ್ಲಿ 210 ಮಿ.ಮೀ. ಆದರೆ 1:24ರಲ್ಲಿ 219 ಮಿ.ಮೀ. ಆಗುತ್ತದೆ. 118 ಅಂಗುಲದ ಚಕ್ರಾಂತರ 1:25ರಲ್ಲಿ 120 ಮಿ.ಮೀ.

1:25 ಪ್ರಮಾಣಕ್ಕೆ ಒಂದು ಸುಲಭ ಸೂತ್ರವಿದೆ: ನಿಜವಾದ ಕಾರಿನ ಒಂದು ಅಂಗುಲ ಮಾದರಿಯಲ್ಲಿ ಒಂದು ಮಿಲಿಮೀಟರ್. ನಿಖರವಾಗಿ ಹೇಳುವುದಾದರೆ 1.016 ಮಿ.ಮೀ. ಹೀಗಾಗಿ ಹಿರೊಹಾಟ ಕಾರಿನ ಚಾವಣಿಯನ್ನು ಮಾದರಿಯಲ್ಲಿ ಮುಂದೆ 4 ಮಿ.ಮೀ., ಹಿಂದೆ 7 ಮಿ.ಮೀ. ತಗ್ಗಿಸಬೇಕು. ಅರ್ಧ ಮಿಲಿಮೀಟರ್ ತಪ್ಪಿದರೆ ನಿಜವಾದ ಕಾರಿನಲ್ಲಿ ಅರ್ಧ ಅಂಗುಲ ತಪ್ಪಿದಂತೆ. ಕಸ್ಟಮ್ ಕಾರಿನ ಮುಖಭಾವವನ್ನೇ ಬದಲಾಯಿಸಲು ಅಷ್ಟು ಸಾಕು.

ಪ್ರಮುಖ ಪರಿಭಾಷೆ

ಚಾಪ್: ಕಿಟಕಿ ಕಂಬಗಳನ್ನು ಕತ್ತರಿಸಿ ಚಾವಣಿ ತಗ್ಗಿಸುವುದು.
ಸೆಕ್ಷನ್: ಒಡಲಿನ ನಡುವಿನಿಂದ ಅಡ್ಡಪಟ್ಟಿಯೊಂದನ್ನು ಕತ್ತರಿಸಿ ತೆಗೆದು ಒಡಲನ್ನು ತೆಳ್ಳಗಾಗಿಸುವುದು.
ಚಾನಲ್: ನೆಲಹಲಗೆಯನ್ನು ಮೇಲಕ್ಕೆತ್ತಿ ಒಡಲನ್ನು ಚಾಸಿಯ ಸುತ್ತ ಕೆಳಕ್ಕೆ ಕೂರಿಸುವುದು.
ಶೇವ್: ಬಾಗಿಲ ಹಿಡಿಕೆ ಮುಂತಾದವನ್ನು ತೆಗೆದು ನುಣುಪುಗೊಳಿಸುವುದು. ಬಾನೆಟ್ಟಿನಲ್ಲಿ ಇದೇ ಕೆಲಸಕ್ಕೆ ನೋಸ್, ಡಿಕ್ಕಿಯಲ್ಲಿ ಡೆಕ್ ಎಂದು ಹೆಸರು.
ಫ್ರೆಂಚ್: ದೀಪಗಳನ್ನು ಒಡಲಿನೊಳಗೆ ಹುದುಗಿಸಿ ಅಂಚು ಕಾಣದಂತೆ ಬೆಸೆಯುವುದು.

ಚಾವಣಿ ತಗ್ಗಿಸುವ ವಿಧಾನ

ಇಡೀ ಕೆಲಸದಲ್ಲಿ ಅತ್ಯಂತ ಕಠಿಣವಾದುದು ಚಾಪ್. ಬೇಕಾದ ಸಾಧನಗಳು ಸರಳ: ತೆಳು ಅಲಗಿನ ಗರಗಸ, ಚೂಪು ಚಾಕು, ಸಣ್ಣ ಅರಗಳು, ವರ್ನಿಯರ್ ಕ್ಯಾಲಿಪರ್, ಮಾಸ್ಕಿಂಗ್ ಟೇಪ್, ಪ್ಲಾಸ್ಟಿಕ್ ಪಟ್ಟಿಗಳು, ಅಂಟು ಮತ್ತು ವಿವಿಧ ದರ್ಜೆಯ ಉಪ್ಪುಕಾಗದ.

ಮೊದಲಿಗೆ ಒಡಲಿನ ಒಳಗೆ ಅಡ್ಡಲಾಗಿ ಎರಡು ಪ್ಲಾಸ್ಟಿಕ್ ಕಡ್ಡಿಗಳನ್ನು ತಾತ್ಕಾಲಿಕವಾಗಿ ಅಂಟಿಸಬೇಕು. ಚಾವಣಿ ಬೇರ್ಪಟ್ಟ ಮೇಲೆ ಒಡಲು ಹೊರಕ್ಕೆ ಬಾಗದಂತೆ ಇವು ತಡೆಯುತ್ತವೆ. ನಂತರ ಪ್ರತಿ ಕಂಬದ ಮೇಲೂ ಟೇಪಿನಿಂದ ಎರಡು ಗೆರೆಗಳನ್ನು ಗುರುತಿಸಿ, ಎಡಬಲಗಳ ಅಳತೆ ಒಂದೇ ಇದೆಯೇ ಎಂದು ಪರೀಕ್ಷಿಸಬೇಕು. ಗರಗಸದ ಅಲಗೂ ತುಸು ಪ್ಲಾಸ್ಟಿಕ್ಕನ್ನು ತಿನ್ನುವುದರಿಂದ, ತೆಗೆಯಬೇಕಾದ ಪಟ್ಟಿಯ ಒಳಬದಿಯಲ್ಲಿ ಕತ್ತರಿಸಿ ಉಳಿದದ್ದನ್ನು ಅರದಿಂದ ಸರಿಪಡಿಸುವುದು ರೂಢಿ.

ಪಟ್ಟಿಯನ್ನು ತೆಗೆದು ಚಾವಣಿಯನ್ನು ಮತ್ತೆ ಕೂರಿಸಿದಾಗ ನಿಜವಾದ ತೊಡಕು ಎದುರಾಗುತ್ತದೆ. ಮುಂಗಾಜಿನ ಕಂಬಗಳು ನೆಟ್ಟಗಿರದೆ ಹಿಂದಕ್ಕೆ ವಾಲಿರುತ್ತವೆ. ಚಾವಣಿಯನ್ನು ನೇರವಾಗಿ ಕೆಳಗಿಳಿಸಿದರೆ ಮೇಲಿನ ತುದಿ ಕೆಳಗಿನ ತುದಿಗಿಂತ ಹಿಂದಕ್ಕೆ ಉಳಿದುಬಿಡುತ್ತದೆ. ಇದಕ್ಕೆ ಎರಡು ಪರಿಹಾರಗಳಿವೆ. ಕಂಬಗಳ ಬುಡಕ್ಕೆ ಸಣ್ಣ ಕಚ್ಚು ಹಾಕಿ ಅವುಗಳನ್ನು ಇನ್ನಷ್ಟು ಹಿಂದಕ್ಕೆ ವಾಲಿಸುವುದು ಒಂದು. ಚಾವಣಿಯನ್ನೇ ಅಡ್ಡಲಾಗಿ ಕತ್ತರಿಸಿ, ನಡುವೆ ಪ್ಲಾಸ್ಟಿಕ್ ಪಟ್ಟಿ ಸೇರಿಸಿ ಉದ್ದಗೊಳಿಸುವುದು ಇನ್ನೊಂದು. ಮೂಲ ಕಾರಿನಲ್ಲಿ ಯಾವ ವಿಧಾನ ಅನುಸರಿಸಿದ್ದರೋ ಅದನ್ನೇ ಅನುಸರಿಸಿದರೆ ಕಿಟಕಿಗಳ ರೇಖೆ ತಾನಾಗಿ ಸರಿಬರುತ್ತದೆ.

ಮುಂದಿಗಿಂತ ಹಿಂದೆ ಹೆಚ್ಚು ತಗ್ಗಿಸಿದ ಕಾರಿನಲ್ಲಿ ಹಿಂಗಾಜಿನ ಚೌಕಟ್ಟನ್ನು ಪ್ರತ್ಯೇಕವಾಗಿ ಬಿಡಿಸಿ ಮಲಗಿಸಬೇಕಾಗುತ್ತದೆ. ಅದರ ಸುತ್ತ ಉಂಟಾಗುವ ಬಿರುಕುಗಳಿಗೆ ಬರೀ ಪುಟ್ಟಿ ತುಂಬುವುದು ಆರಂಭಿಕರು ಮಾಡುವ ಸಾಮಾನ್ಯ ತಪ್ಪು. ದ್ರಾವಕ ಬೆರೆತ ಪುಟ್ಟಿ ಒಣಗಿದಂತೆ ಕುಗ್ಗುತ್ತದೆ, ಬಣ್ಣ ಹೊಡೆದ ಕೆಲವು ವಾರಗಳ ನಂತರ ಜೋಡಣೆಯ ಗೆರೆ ಮೇಲೆ ಮೂಡುತ್ತದೆ. ದೊಡ್ಡ ಬಿರುಕಿಗೆ ಪ್ಲಾಸ್ಟಿಕ್ ತುಂಡನ್ನೇ ಕೂರಿಸಿ, ಉಳಿದ ಕೂದಲೆಳೆಯಷ್ಟು ಜಾಗಕ್ಕೆ ಮಾತ್ರ ಪುಟ್ಟಿ ಬಳಸಿ, ಅದನ್ನು ಕೆಲವು ದಿನ ಒಣಗಲು ಬಿಡಬೇಕು. ಬಳಿಕ 400, 600, 1000 ದರ್ಜೆಯ ಉಪ್ಪುಕಾಗದಗಳಿಂದ ನೀರು ಹಚ್ಚಿ ಉಜ್ಜಬೇಕು. ತೆಳುವಾಗಿ ಪ್ರೈಮರ್ ಹೊಡೆದರೆ ಕಣ್ಣಿಗೆ ಕಾಣದ ದೋಷಗಳೂ ಹೊರಬೀಳುತ್ತವೆ.

ಚಾವಣಿ ತಗ್ಗಿದ ಮೇಲೆ ಕಿಟ್‌ನ ಗಾಜುಗಳು ಹೊಂದುವುದಿಲ್ಲ. ಪಾರದರ್ಶಕ ಹಾಳೆಯಿಂದ ಹೊಸ ಗಾಜುಗಳನ್ನು ಕತ್ತರಿಸಬೇಕು. ಕಾಗದದ ಅಚ್ಚು ಮಾಡಿಕೊಂಡು ಒಡಲಿಗೆ ಬಣ್ಣ ಬೀಳುವ ಮೊದಲೇ ಇದನ್ನು ಹೊಂದಿಸಿಟ್ಟುಕೊಳ್ಳುವುದು ಕ್ಷೇಮ.

ಬಣ್ಣ

ನಿಜವಾದ ಕಾರಿನ ಬಣ್ಣವನ್ನು ಮಾದರಿಗೆ ಹಾಗೆಯೇ ಹೊಡೆದರೆ ಅದು ನಿಜವೆನಿಸುವುದಿಲ್ಲ. ಮಾದರಿಯ ಮೇಲಿನ 0.1 ಮಿ.ಮೀ. ದಪ್ಪದ ಬಣ್ಣ ನಿಜವಾದ ಕಾರಿನ ಮೇಲೆ 2.5 ಮಿ.ಮೀ. ದಪ್ಪಕ್ಕೆ ಸಮ. ಬಾಗಿಲಿನ ಸಂದುಗಳು ಇದರಿಂದ ಮುಚ್ಚಿಹೋಗುತ್ತವೆ. ಆದ್ದರಿಂದ ಬಣ್ಣಕ್ಕೆ ಮೊದಲು ಈ ಸಂದುಗಳನ್ನು ಚಾಕುವಿನ ಹಿಂಬದಿಯಿಂದ ಮೆಲ್ಲಗೆ ಆಳಗೊಳಿಸಬೇಕು. ಏರ್‌ಬ್ರಷ್ ಬಳಸಿ ತೆಳು ಪದರಗಳಲ್ಲಿ ಬಣ್ಣ ಹೊಡೆಯಬೇಕು.

ಮಿನುಗುವ ಬಣ್ಣಗಳಲ್ಲೂ ಇದೇ ಎಚ್ಚರ ಬೇಕು. 0.4 ಮಿ.ಮೀ. ಗಾತ್ರದ ಲೋಹದ ಚೂರು ಮಾದರಿಯ ಮೇಲೆ ಒಂದು ಸೆಂಟಿಮೀಟರ್ ಅಗಲದ ಬಿಲ್ಲೆಯಂತೆ ಕಾಣುತ್ತದೆ. ಅತಿ ನುಣುಪಾದ ಪುಡಿಯೇ ಇಲ್ಲಿ ಬೇಕು.

ಕ್ಯಾಂಡಿ ಬಣ್ಣವು ಪಾರದರ್ಶಕ ಬಣ್ಣದ ಕಲೆ. ಮೊದಲು ಬೆಳ್ಳಿ ಅಥವಾ ಹೊನ್ನಿನ ಬಣ್ಣದ ಅಡಿಪದರ, ಅದರ ಮೇಲೆ ಪಾರದರ್ಶಕ ಕೆಂಪು ಅಥವಾ ಹಸಿರು, ಕೊನೆಗೆ ಹೊಳಪಿನ ಪದರ. ಬೆಳಕು ಪಾರದರ್ಶಕ ಪದರವನ್ನು ದಾಟಿ ಲೋಹದ ಪದರಕ್ಕೆ ತಾಗಿ ಮರಳುವುದರಿಂದ ಒಳಗಿನಿಂದ ಹೊಳೆದಂತೆ ಕಾಣುತ್ತದೆ. ಪ್ರತಿ ಪದರಕ್ಕೂ ಛಾಯೆ ಗಾಢವಾಗುತ್ತದೆ. ಒಂದು ಭಾಗಕ್ಕೆ ನಾಲ್ಕು, ಇನ್ನೊಂದಕ್ಕೆ ಐದು ಪದರ ಬಿದ್ದರೆ ಬಾಗಿಲೊಂದು ಬಣ್ಣ, ಮಡ್‌ಗಾರ್ಡೊಂದು ಬಣ್ಣವಾಗುತ್ತದೆ. ಆದಕಾರಣ ಪ್ಲಾಸ್ಟಿಕ್ ಚಮಚಗಳ ಬೆನ್ನಿನ ಮೇಲೆ ಒಂದು, ಎರಡು, ಮೂರು ಪದರಗಳನ್ನು ಹೊಡೆದು ನೋಡಿ, ಬೇಕಾದ ಛಾಯೆಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವ ಪದ್ಧತಿ ಬಳಕೆಯಲ್ಲಿದೆ.

ಕ್ರೋಮ್, ಒಳಾಂಗಣ, ಚಕ್ರಗಳು

ಕಸ್ಟಮ್ ಕಾರಿನಲ್ಲಿ ಕ್ರೋಮ್ ಪಟ್ಟಿ ಆಭರಣವಷ್ಟೇ ಅಲ್ಲ, ಎರಡು ಬಣ್ಣಗಳ ಗಡಿರೇಖೆಯೂ ಹೌದು. ಮಾದರಿಯಲ್ಲಿ ಇದಕ್ಕೆ ಅಂಟುಳ್ಳ ಅತಿ ತೆಳುವಾದ ಲೋಹದ ಹಾಳೆ ಬಳಸುತ್ತಾರೆ. ಹಾಳೆಯನ್ನು ಪಟ್ಟಿಯ ಮೇಲೆ ಹಾಸಿ, ಹತ್ತಿಯಿಂದ ಒತ್ತಿ, ಹೊಸ ಅಲಗಿನಿಂದ ಅಂಚು ಕತ್ತರಿಸಬೇಕು. ಮೊಂಡು ಅಲಗು ಹಾಳೆಯನ್ನು ಹರಿಯುತ್ತದೆ. ಮೂಲ ಕಾರಿನಲ್ಲಿ ಬೇರೆ ಕಂಪನಿಯ ಪಟ್ಟಿ ಇದ್ದಲ್ಲಿ ಕಿಟ್‌ನ ಪಟ್ಟಿಯನ್ನು ಉಜ್ಜಿ ತೆಗೆದು, ಅರ್ಧವೃತ್ತಾಕಾರದ ಪ್ಲಾಸ್ಟಿಕ್ ಎಳೆಯಿಂದ ಹೊಸದನ್ನು ರೂಪಿಸಬೇಕು.

ಆಸನಗಳ ಮೇಲಿನ ಸಾಲುಸಾಲು ಉಬ್ಬುಗಳ ಹೊಲಿಗೆಯನ್ನು ಇಂತಹ ಎಳೆಗಳನ್ನೇ ಒತ್ತೊತ್ತಾಗಿ ಅಂಟಿಸಿ ತೋರಿಸಬಹುದು. ನೆಲದ ಜಮಖಾನೆಗೆ ನುಣುಪಾದ ನೂಲಿನ ಪುಡಿ ಒಗ್ಗುತ್ತದೆ. ಎಂಜಿನ್ನಿನ ತಂತಿಗಳಿಗೆ ಕೆಟ್ಟುಹೋದ ವಿದ್ಯುತ್ ಉಪಕರಣಗಳ ಒಳಗಿನ ಸಪೂರ ತಂತಿ ಸಾಕು. 1950ರ ದಶಕದ ಕಸ್ಟಮ್ ಕಾರಿಗೆ ಅಗಲವಾದ ಬಿಳಿ ಪಟ್ಟಿಯ ಟೈರುಗಳು ಅಗತ್ಯ. ಕಿರಿದಾದ ಪಟ್ಟಿ ನಂತರದ ಕಾಲದ್ದು. ಟೈರಿನ ಬಿಳಿ ಪಟ್ಟಿಯನ್ನು ನೋಡಿಯೇ ಬಲ್ಲವರು ಪ್ರತಿಕೃತಿಯ ವರ್ಷವನ್ನು ಅಂದಾಜು ಮಾಡುತ್ತಾರೆ.

ಹೊಸ ಸಾಧನಗಳು

ಕಿಟ್‌ಗಳಲ್ಲಿ ದೊರೆಯದ ಭಾಗಗಳನ್ನು ಹವ್ಯಾಸಿಗಳು ಬಹುಕಾಲದಿಂದ ಸಿಲಿಕೋನ್ ರಬ್ಬರ್ ಅಚ್ಚಿನಲ್ಲಿ ರೆಸಿನ್ ಸುರಿದು ತಯಾರಿಸುತ್ತಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ತ್ರೀಡಿ ಮುದ್ರಣ ಇದಕ್ಕೆ ಜೊತೆಯಾಗಿದೆ. ದೀಪದ ಬಳೆ, ಚಕ್ರದ ಮುಚ್ಚಳ, ಕಾರ್ಬ್ಯುರೇಟರ್ ಮುಂತಾದ ಸೂಕ್ಷ್ಮ ಭಾಗಗಳಿಗೆ ಇದು ವರದಾನ. ಆದರೆ ಗಣಕದಲ್ಲಿ ರೂಪಿಸಿದ ಆಕಾರಕ್ಕೂ ಮೂಲ ಆಧಾರ ಬೇಕೇ ಬೇಕು. ಒಬ್ಬರ ಊಹೆಯನ್ನು ನೂರಾರು ಜನ ಮುದ್ರಿಸಿಕೊಂಡರೆ ಊಹೆಯೇ ಇತಿಹಾಸವಾಗಿಬಿಡುವ ಅಪಾಯವಿದೆ.

ಹಳೆಯ ಕಿಟ್ ಸಂಸ್ಥೆಗಳೂ ಕೈ ಬದಲಾಯಿಸಿವೆ. ಎಎಂಟಿ ಹೆಸರು ಈಗ ಅಮೆರಿಕದ ರೌಂಡ್ 2 ಸಂಸ್ಥೆಯ ಬಳಿ ಇದೆ. ರೆವೆಲ್‌ನ ಮಾತೃಸಂಸ್ಥೆಯಾಗಿದ್ದ ಹಾಬಿಕೊ 2018ರಲ್ಲಿ ದಿವಾಳಿಯಾದ ನಂತರ ರೆವೆಲ್ ಜರ್ಮನ್ ಹೂಡಿಕೆದಾರರ ಪಾಲಾಯಿತು.

ಮುನ್ನೆಚ್ಚರಿಕೆ

ಬಣ್ಣದ ತುಂತುರು, ದ್ರಾವಕಗಳ ಆವಿ, ರೆಸಿನ್ ಉಜ್ಜಿದಾಗ ಏಳುವ ದೂಳು ಶ್ವಾಸಕೋಶಕ್ಕೆ ಹಾನಿಕರ. ಬಟ್ಟೆಯ ಮುಖಗವಸು ಆವಿಯನ್ನು ತಡೆಯುವುದಿಲ್ಲ, ಅದಕ್ಕೆಂದೇ ಇರುವ ಇದ್ದಿಲ ಶೋಧಕದ ಮುಖಗವಸು ಬೇಕು. ಗಾಳಿ ಆಡುವ ಕೊಠಡಿ, ಕೈಗವಸು, ಬೆಂಕಿಯಿಂದ ದೂರ ಇವು ಕಡ್ಡಾಯ. ರೆಸಿನ್ನನ್ನು ನೀರು ಹಚ್ಚಿ ಉಜ್ಜಿದರೆ ದೂಳು ಏಳುವುದಿಲ್ಲ.

ಭಾರತದ ಸಂದರ್ಭ

ಭಾರತದಲ್ಲಿ ಚಾವಣಿ ಕತ್ತರಿಸಿದ ಕಾರನ್ನು ರಸ್ತೆಗಿಳಿಸಲು ಕಾನೂನು ಅಡ್ಡಿಯಾಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಹೀಗಾಗಿ ಈ ಕಲೆಯಲ್ಲಿ ಆಸಕ್ತಿಯುಳ್ಳ ಇಲ್ಲಿನವರಿಗೆ ಮಾದರಿ ನಿರ್ಮಾಣವೇ ಅಡ್ಡಿ ಆತಂಕವಿಲ್ಲದ ಮಾರ್ಗ.

ದಾಖಲೆ ಪತ್ರ

ಮುಗಿದ ಪ್ರತಿಕೃತಿಯೊಂದಿಗೆ ಒಂದು ಪುಟದ ಟಿಪ್ಪಣಿ ಇಡುವುದು ಒಳ್ಳೆಯ ಪದ್ಧತಿ. ಕಾರಿನ ಹೆಸರು, ಮೂಲ ನಿರ್ಮಾಪಕ, ಪ್ರತಿಕೃತಿ ತೋರಿಸುವ ವರ್ಷ, ಬಳಸಿದ ಕಿಟ್, ಆಧರಿಸಿದ ಚಿತ್ರಗಳು, ಬಣ್ಣದ ಮಿಶ್ರಣ ಇವು ಅದರಲ್ಲಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಆಧಾರ ದೊರೆಯದೆ ಊಹಿಸಿ ಮಾಡಿದ ಭಾಗಗಳು ಯಾವುವು ಎಂಬುದನ್ನು ಸ್ಪಷ್ಟವಾಗಿ ಬರೆದಿಡಬೇಕು. ಚಿತ್ರಗಳಲ್ಲಿ ಎಂದೂ ಕಾಣದ ಡಿಕ್ಕಿಯ ಒಳಭಾಗವನ್ನು ಊಹಿಸಿ ಮಾಡುವುದು ಅಪರಾಧವಲ್ಲ, ಅದನ್ನು ಕಂಡದ್ದೆಂದು ತೋರಿಸುವುದು ಅಪರಾಧ.

ಆ ಕಾಲದ ಕಾರ್ಯಾಗಾರಗಳಲ್ಲಿ ಕೆಲಸ ಮಾಡಿದವರ ತಲೆಮಾರು ಹೆಚ್ಚುಕಡಿಮೆ ಮರೆಯಾಗಿದೆ. ಸ್ಯಾಮ್ ಬ್ಯಾರಿಸ್ 1967ರಲ್ಲಿ, ರಾತ್ 2001ರಲ್ಲಿ, ಜಾರ್ಜ್ ಬ್ಯಾರಿಸ್ 2015ರಲ್ಲಿ ತೀರಿಕೊಂಡರು. ಕೇಳಿ ತಿಳಿಯುವ ದಾರಿ ಮುಚ್ಚಿದಷ್ಟೂ ಚಿತ್ರಗಳನ್ನು ನೋಡಿ ಅಳೆಯುವ ಕೆಲಸದ ಬೆಲೆ ಹೆಚ್ಚುತ್ತದೆ. 21 ಸೆಂಟಿಮೀಟರ್ ಉದ್ದದ ಪ್ಲಾಸ್ಟಿಕ್ ಒಡಲಿನಲ್ಲಿ 4 ಮಿಲಿಮೀಟರನ್ನು 4 ಮಿಲಿಮೀಟರ್ ಆಗಿಯೇ ಉಳಿಸಿಕೊಂಡವನು ಆ ಕುಶಲಕರ್ಮಿಗಳ ತೀರ್ಮಾನವೊಂದನ್ನು ಮುಂದಿನವರಿಗೆ ತಲುಪಿಸಿದಂತಾಗುತ್ತದೆ.